ಸುಪ್ರೀಮ್ ಅಂದರೆ ಎಷ್ಟು ಮೇಲೆ?

ಲ್ಯಾಟಿನ್ ಮೂಲದ ‘ಸುಪ್ರೀಮ್’ ಎಂಬ ವಿಶೇಷಣಕ್ಕೆ ಎಲ್ಲಕ್ಕಿಂತ ಮೇಲಿನದು ಎಂದರ್ಥ. ಆದರೆ ಬೆಟ್ಟದ ಎತ್ತರಕ್ಕೆ ಇದು ಒಗ್ಗದು, ಅಲ್ಲಿ ‘ಹೈಯೆಸ್ಟ್’ ಸಾಕು. ಅಧಿಕಾರದಲ್ಲಿ ಮೇಲೆ ಇನ್ನೊಬ್ಬರಿಲ್ಲದಿದ್ದರೆ ಸುಪ್ರೀಮ್. 1950ರ ಜನವರಿ 28ರಂದು ದೆಹಲಿಯಲ್ಲಿ ಉದ್ಘಾಟನೆಯಾದ ಸುಪ್ರೀಂ ಕೋರ್ಟಿನ ಮೇಲೆ ಬೇರೆ ಕೋರ್ಟಿಲ್ಲ. ಹೈಕೋರ್ಟು ಉಚ್ಚ ನ್ಯಾಯಾಲಯ, ಇದು ಸರ್ವೋಚ್ಚ. ಕನ್ನಡದ ಲೆಕ್ಕ ಸರಿಯಾಗಿಯೇ ಇದೆ. ಹಾಗಾಗಿ ‘ಮೋಸ್ಟ್ ಸುಪ್ರೀಮ್’ ಬೇಡ. (ನಾವೂ ‘ಶ್ರೇಷ್ಠತಮ’ ಎನ್ನುತ್ತೇವೆ, ಶ್ರೇಷ್ಠದ ಮೇಲೆ ಇನ್ನೇನಿದೆಯೋ!)

ಒಂದು ಕಡೆ ಮಾತ್ರ ಎಚ್ಚರ ಬೇಕು. ‘ಸುಪ್ರೀಮ್ ಸ್ಯಾಕ್ರಿಫೈಸ್’ ಎಂದರೆ ಬರೀ ದೊಡ್ಡ ತ್ಯಾಗವಲ್ಲ, ಪ್ರಾಣತ್ಯಾಗ. ಗಾಯಗೊಂಡು ಆಸ್ಪತ್ರೆಯಲ್ಲಿರುವ ಯೋಧನಿಗೆ ಶುಭ ಕೋರುವ ಪತ್ರದಲ್ಲಿ ಈ ಮಾತು ಬರೆಯಬೇಡಿ. ನಾವು ಅದನ್ನು ಓದುವಾಗ ಅವರ ಮನೆಯವರೂ ರೇಡಿಯೊ ಹಚ್ಚಿಕೊಂಡಿರಬಹುದು.