ಡೀಸೆಲ್‌ಗೆ ಬೆಂಕಿ ಹತ್ತಲ್ಲವಂತೆ!

ಲಾರಿಗೆ ಎರಡನೇ ಟ್ಯಾಂಕ್ ಕೂರಿಸುವವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಪೆಟ್ರೋಲ್ ಆದ್ರೆ ಭಯ. ಇದು ಡೀಸೆಲ್ ಸಾರ್, ಬೆಂಕಿ ಹತ್ತಲ್ಲ.’ ಪುರಾವೆಗೆ ಮೊಬೈಲಿನಲ್ಲಿ ವಿಡಿಯೊ ಸಿದ್ಧ. ಬಟ್ಟಲಲ್ಲಿ ಡೀಸೆಲ್, ಅದಕ್ಕೆ ಉರಿಯುವ ಕಡ್ಡಿ ಎಸೆದರೆ ಚುಯ್ ಎಂದು ಆರುತ್ತದೆ. ಅಲ್ಲಿಗೆ ವಿಜ್ಞಾನ ಮುಗಿಯಿತು.

ಅಲ್ಲ ಸ್ವಾಮಿ, ಸ್ಪಾರ್ಕ್ ಪ್ಲಗ್ಗೇ ಇಲ್ಲದೆ ಬರೀ ಬಿಸಿ ಗಾಳಿಗೆ ಉರಿಯುವ ಇಂಧನ ಯಾವುದು? ನಿಮ್ಮ ಲಾರಿ ಓಡುತ್ತಿರುವುದೇ ಆ ಗುಣದಿಂದ. ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುವುದರಲ್ಲಿ ಡೀಸೆಲ್ ಪೆಟ್ರೋಲಿಗಿಂತ ಒಂದು ಹೆಜ್ಜೆ ಮುಂದು. ಸುಮಾರು 210ರಿಂದ 250 ಡಿಗ್ರಿ ಸೆಲ್ಸಿಯಸ್ ಸಾಕು. ಲೋಡ್ ಹೊತ್ತು ಘಟ್ಟ ಹತ್ತಿದ ಲಾರಿಯ ಟರ್ಬೊ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಬಟ್ಟಲಲ್ಲಿ ಕಡ್ಡಿ ಆರಿದ್ದು ಡೀಸೆಲ್ ತಣ್ಣಗಿದ್ದು ಆವಿ ಸಾಲದೆ ಹೋದದ್ದರಿಂದ, ಅಷ್ಟೆ. ಆವಿ ಕಿಡಿಗೆ ಹೊತ್ತುವ ಉಷ್ಣತೆ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು ಎನ್ನುತ್ತದೆ ನಮ್ಮ ಐಎಸ್ 1460 ಮಾನದಂಡ. ರಾಯಚೂರಿನ ಬೇಸಿಗೆಯಲ್ಲಿ ನೆರಳೇ 40 ದಾಟುತ್ತದೆ. 2013ರ ಅಕ್ಟೋಬರ್ 30ರ ನಸುಕಿನಲ್ಲಿ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು ಟ್ಯಾಂಕ್ ಒಡೆಯಿತು. 45 ಮಂದಿ ಸುಟ್ಟು ಸತ್ತರು. ಆ ಟ್ಯಾಂಕಿನಲ್ಲಿದ್ದದ್ದೂ ಡೀಸೆಲ್ಲೇ.

ಉಳಿದ ಅಸಡ್ಡೆಯೆಲ್ಲ ಹುಟ್ಟುವುದು ಈ ಧೈರ್ಯದಿಂದ. ಹೊಸ ಟ್ಯಾಂಕಿನಿಂದ ಇಂಜಿನ್‌ಗೆ ಒಂದು ಪೈಪ್ ಎಳೆದರೆ ಆಯಿತು ಅಂದುಕೊಳ್ಳುತ್ತಾರೆ. ಇಂಜಿನ್ ಎಳೆದ ಡೀಸೆಲನ್ನೆಲ್ಲ ಸುಡುವುದಿಲ್ಲ. ಮಿಕ್ಕದ್ದು ಬಿಸಿಯಾಗಿ ರಿಟರ್ನ್ ಪೈಪಿನಲ್ಲಿ ವಾಪಸಾಗುತ್ತದೆ. ಆ ಪೈಪು ಮೊದಲೇ ತುಂಬಿರುವ ಹಳೇ ಟ್ಯಾಂಕಿಗೇ ಹೋಗುತ್ತಿದ್ದರೆ ಡೀಸೆಲ್ ಗಾಳಿಯಾಡುವ ಕಿಂಡಿಯಿಂದ (ಬ್ರೀದರ್) ಉಕ್ಕಿ ರಸ್ತೆಗೂ ಸೈಲೆನ್ಸರ್‌ಗೂ ಸುರಿಯುತ್ತದೆ. ಟ್ಯಾಂಕ್ ಬದಲಿಸುವ ವಾಲ್ವ್ ತಿರುಗಿಸಿದಾಗ ಎಳೆಯುವ ಪೈಪು, ರಿಟರ್ನ್ ಪೈಪು ಎರಡೂ ಒಟ್ಟಿಗೆ ಬದಲಾಗಬೇಕು. ತುಕ್ಕು ಹಿಡಿಯಲ್ಲ ಎಂದು ಜಿಐ ಶೀಟಿನಲ್ಲಿ ಮಾಡಿಸಿದರೆ ಅದರ ಸತು ಡೀಸೆಲ್ ಜೊತೆ ಸೇರಿ ಅಂಟಾಗಿ ಇಂಜೆಕ್ಟರ್ ಕಟ್ಟುತ್ತದೆ. ಹಳೇ ಡ್ರಮ್ಮನ್ನು ನೀರಲ್ಲಿ ಕುಲುಕಿ ವೆಲ್ಡಿಂಗ್‌ಗೆ ಕೊಡುವವರೂ ಇದ್ದಾರೆ. ಖಾಲಿ ಡ್ರಮ್ಮಿನ ತುಂಬ ಆವಿ ಇರುತ್ತದೆ, ಮಾರಾಯ್ರೆ.

ತಮಾಷೆ ಏನೆಂದರೆ, ಬೇಸಿಗೆ ಬಂತೆಂದರೆ ಇದೇ ಜನ ‘ಟ್ಯಾಂಕ್ ಫುಲ್ ಮಾಡಿಸಬೇಡಿ, ಸಿಡಿಯುತ್ತದೆ’ ಎಂದು ವಾಟ್ಸಾಪಿನಲ್ಲಿ ಹಂಚುತ್ತಾರೆ. ಇಂಡಿಯನ್ ಆಯಿಲ್ ಹೆಸರು ಹಾಕಿಕೊಂಡು ಓಡಾಡುವ ಆ ಸಂದೇಶವನ್ನು ಇಂಡಿಯನ್ ಆಯಿಲೇ ಸುಳ್ಳು ಎಂದಿದೆ. ಪರೀಕ್ಷೆ ಪಾಸಾಗಿ ಬಂದ ಕಂಪನಿ ಟ್ಯಾಂಕಿಗೆ ಹೆದರಿಕೆ, ಶೆಡ್ಡಿನಲ್ಲಿ ಬೆಸೆದದ್ದಕ್ಕೆ ಪೂರ್ಣ ವಿಶ್ವಾಸ!

‘ಆರ್‌ಸಿಯಲ್ಲಿ ಟ್ಯಾಂಕಿನ ಸುದ್ದಿಯೇ ಇಲ್ಲವಲ್ಲ?’ ಎನ್ನುವ ಜಾಣರೂ ಉಂಟು. ವಾಹನದ ಖಾಲಿ ತೂಕ ಇದೆಯಲ್ಲ, ಹೊಸ ಟ್ಯಾಂಕ್ ಕೂತರೆ ಅದು ಬದಲಾಗುತ್ತದೆ! ಆರ್‌ಸಿ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೊಸ ಲಾರಿ ಕೊಳ್ಳುವವರು ದೊಡ್ಡ ಟ್ಯಾಂಕಿನ ಮಾದರಿಯನ್ನೇ ಕೇಳಿ. ಹಳೆಯದಕ್ಕೆ ಬೇಕೇ ಬೇಕೆಂದರೆ ಶೆಡ್ಡಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಲಿಖಿತ ಒಪ್ಪಿಗೆ ಕೇಳಿ, ವಿಮೆ ಕಂಪನಿಗೂ ತಿಳಿಸಿ.