ಚಿತ್ರಕಲಾ ಶಿಕ್ಷಕರ ಕಾಯಕ

ಅಕ್ಷರ ಕಲಿಸಿದವರನ್ನು ಗುರುವೆಂದು ನಮಿಸುವ ನಮ್ಮ ಸಮಾಜವು ಗೆರೆ ಎಳೆಯಲು ಕಲಿಸಿದವರನ್ನೂ ಅದೇ ಭಾವದಿಂದ ಕಾಣುತ್ತಿದೆಯೇ? ಪ್ರಗತಿಪತ್ರಿಕೆ ಮನೆಗೆ ಬಂದೊಡನೆ ನಮ್ಮ ದೃಷ್ಟಿ ಗಣಿತ, ವಿಜ್ಞಾನಗಳ ಅಂಕಗಳತ್ತ ಹರಿಯುತ್ತದೆ. ಚಿತ್ರಕಲೆಯ ಸಾಲನ್ನು ನಾವು ಓದುವುದೇ ಅಪರೂಪ. ಆ ಸಾಲಿನ ಹಿಂದೆ ದುಡಿಯುವ ಶಿಕ್ಷಕರ ಕಷ್ಟ-ಸಂತೋಷಗಳನ್ನು ಒಮ್ಮೆ ವಿಚಾರಿಸುವುದು ನಮ್ಮ ಕರ್ತವ್ಯವೇ ಸರಿ.

ನಮ್ಮ ನಾಡಿನಲ್ಲಿ ಕಲಾಶಿಕ್ಷಣ ಬೇರೂರಿದ್ದು ಇಂತಹ ಗುರುಗಳ ತ್ಯಾಗದಿಂದ. 1857ರಲ್ಲಿ ಸ್ಥಾಪಿತವಾದ ಮುಂಬಯಿಯ ಜೆ.ಜೆ. ಕಲಾಶಾಲೆಯವರೆಗೆ ಹೋಗುವ ಶಕ್ತಿ ಎಲ್ಲ ಮನೆಯ ಮಕ್ಕಳಿಗೂ ಇರಲಿಲ್ಲ. ಅಂಥವರಿಗಾಗಿ ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿ ಕಲಾಶಾಲೆಗಳನ್ನು ನಡೆಸಿದರು. ಮುಂದೆ ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರು ಕೆನ್ ಕಲಾಶಾಲೆಯನ್ನು ಕಟ್ಟಿ ಬೆಳೆಸಿದರು. ಇವರೆಲ್ಲ ಸ್ವತಃ ಚಿತ್ರಕಾರರು. ತಮ್ಮ ಕುಂಚಕ್ಕೆ ಸಲ್ಲಬೇಕಾಗಿದ್ದ ಕಾಲವನ್ನು ಶಿಷ್ಯರ ಕೈ ತಿದ್ದುವುದಕ್ಕೆ ಧಾರೆಯೆರೆದರು. ಕಲಾಶಿಕ್ಷಕರು ತೆರುವ ಬೆಲೆಗಳಲ್ಲಿ ಇದೇ ದೊಡ್ಡದು: ಶಿಷ್ಯರ ಚಿತ್ರಗಳು ಪೂರ್ಣಗೊಳ್ಳುತ್ತಿರುವಾಗ ತಮ್ಮ ಚಿತ್ರ ಅರ್ಧಕ್ಕೆ ನಿಂತಿರುತ್ತದೆ.

ಇಂದಿನ ಪ್ರೌಢಶಾಲೆಯ ಡ್ರಾಯಿಂಗ್ ಮಾಸ್ತರರ ಪಾಡು ಬೇರೆ ಬಗೆಯದು. ವಾರಕ್ಕೆ ಒಂದೆರಡು ಅವಧಿ, ಒಂದು ಕೋಣೆಯಲ್ಲಿ ಐವತ್ತು-ಅರವತ್ತು ಮಕ್ಕಳು. ಹಾಳೆ ಹಂಚಿ, ನೀರು ತಂದು, ಬಣ್ಣ ಕಲಸುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಪರೀಕ್ಷೆ ಹತ್ತಿರವಾಯಿತೆಂದರೆ ಆ ಅವಧಿಯೂ ಗಣಿತದ ಪಾಲು. ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ನಿರ್ಧರಿಸುವ ಅಂಕಗಳಲ್ಲಿ ಚಿತ್ರಕಲೆ ಸೇರದಿರುವುದರಿಂದ ಕೇಳುವವರೂ ಇಲ್ಲ. ಆದರೆ ವಾರ್ಷಿಕೋತ್ಸವದ ವೇದಿಕೆ, ಗೋಡೆಬರಹ, ಪ್ರಮಾಣಪತ್ರದ ಮೇಲೆ ಹೆಸರು, ಅತಿಥಿಗಳ ಸ್ವಾಗತಕ್ಕೆ ರಂಗೋಲಿ ಬೇಕಾದಾಗ ಮಾತ್ರ ಎಲ್ಲರಿಗೂ ಅವರ ನೆನಪಾಗುತ್ತದೆ.

ಕಾನೂನಿನ ಆಸರೆ ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 8ನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಿಗೆ ಕಲಾಶಿಕ್ಷಣದ ಅರೆಕಾಲಿಕ ಬೋಧಕರನ್ನು ವಿಧಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆ ಮತ್ತು ವಿಜ್ಞಾನಗಳ ನಡುವಿನ ಗೋಡೆ ಬೇಡವೆಂದಿದೆ. ಆದರೆ 'ಅರೆಕಾಲಿಕ' ಎಂಬ ಒಂದು ಪದದಲ್ಲಿಯೇ ಈ ವಿಷಯಕ್ಕೆ ದೊರೆತಿರುವ ಸ್ಥಾನವೆಷ್ಟೆಂಬುದು ತಿಳಿಯುತ್ತದೆ.

ಇಷ್ಟಾದರೂ ಈ ವೃತ್ತಿಯನ್ನು ಪ್ರೀತಿಸುವವರು ಏಕಿದ್ದಾರೆ? ಓದಿನಲ್ಲಿ ಹಿಂದೆ ಬಿದ್ದು, ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಬಾಲಕನೊಬ್ಬ ತನ್ನ ಮನೆಯ ಎತ್ತಿನ ಜೋಡಿಯನ್ನು ಬರೆದಾಗ ಇಡೀ ತರಗತಿ ಅವನ ಸುತ್ತ ನೆರೆಯುತ್ತದೆ. ಅಂದು ಅವನಿಗೆ ತಾನೂ ಒಬ್ಬನೆಂಬ ಭಾವ ಹುಟ್ಟುತ್ತದೆ. ಇದನ್ನು ಕಣ್ಣಾರೆ ಕಾಣುವ ಭಾಗ್ಯ ಚಿತ್ರಕಲಾ ಶಿಕ್ಷಕರದು. ಎಲ್ಲ ಮಕ್ಕಳೂ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಮನೆ ಎಂದು ಒಂದೇ ಚಿತ್ರವನ್ನು ಬರೆಯುತ್ತಾರೆ. ನಿಮ್ಮೂರಿನ ಗುಡ್ಡ ಹೀಗಿದೆಯೇ, ಹೋಗಿ ನೋಡಿ ಬನ್ನಿ ಎಂದು ಕಳುಹಿಸುವವರೇ ನಿಜವಾದ ಗುರು. ಅವರು ಕಲಿಸುವುದು ಬರೆಯುವುದನ್ನಲ್ಲ, ನೋಡುವುದನ್ನು.

ಹೀಗೆ ನೋಡಲು ಕಲಿತವರೆಲ್ಲ ಚಿತ್ರಕಾರರಾಗಬೇಕಿಲ್ಲ. ಸೀರೆಯ ಅಂಚಿನ ವಿನ್ಯಾಸ ಮಾಡುವವರಿಗೆ, ಆಭರಣ ಮಾಡುವ ಅಕ್ಕಸಾಲಿಗರಿಗೆ, ಮನೆಯ ನಕ್ಷೆ ತೆಗೆಯುವ ಎಂಜಿನಿಯರರಿಗೆ ಈ ನೋಟ ಬೇಕು. ಒಂದು ಕಾಲಕ್ಕೆ ನಾಮಫಲಕ ಬರೆದು ಸಂಸಾರ ತೂಗಿಸಿದ ಶಿಷ್ಯರು ಎಷ್ಟೋ ಮಂದಿ. ಫ್ಲೆಕ್ಸ್ ಬಂದ ಮೇಲೆ ಆ ದಾರಿ ಕಿರಿದಾಯಿತು. ಶಿಷ್ಯರಿಗೆ ಹೊಸ ದಾರಿ ತೋರಿಸುವ ಹೊಣೆಯೂ ಈಗ ಶಿಕ್ಷಕರ ಹೆಗಲೇರಿದೆ.

ಶರಣರು ಕಾಯಕದಲ್ಲಿ ಮೇಲು-ಕೀಳುಗಳನ್ನೆಣಿಸಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯನವರಿಗೂ, ಚೆಲ್ಲಿದ ಅಕ್ಕಿ ಆಯ್ದ ಮಾರಯ್ಯನವರಿಗೂ ಅನುಭವ ಮಂಟಪದಲ್ಲಿ ಸಮಾನ ಗೌರವವಿತ್ತು. ಆ ಪರಂಪರೆಯ ವಾರಸುದಾರರಾದ ನಾವು ಶಾಲೆಯ ವಿಷಯಗಳಲ್ಲಿ ಮೇಲು-ಕೀಳನ್ನೆಣಿಸುವುದು ಸಲ್ಲದು. ಪಾಲಕರ ಸಭೆಯಲ್ಲಿ ಚಿತ್ರಕಲೆಯ ಅವಧಿ ಚಿತ್ರಕಲೆಗೇ ಉಳಿಯಲಿ ಎಂದು ಕೇಳೋಣ. ಮಠಮಾನ್ಯಗಳ ವಿದ್ಯಾಸಂಸ್ಥೆಗಳು ನಿವೃತ್ತರಾದ ಕಲಾಶಿಕ್ಷಕರ ಸ್ಥಾನವನ್ನು ತೆರವಾಗಿಡದಿರಲಿ. ಮಗು ಚಿತ್ರ ತಂದು ತೋರಿಸಿದಾಗ, ಓದುವುದು ಬಿಟ್ಟು ಇದೇನು ಎನ್ನುವ ಮೊದಲು, ಇದನ್ನು ಎಲ್ಲಿ ನೋಡಿದೆ ಮಗು ಎಂದು ಕೇಳೋಣ. ಆ ಒಂದು ಪ್ರಶ್ನೆಯಿಂದ ಶಿಕ್ಷಕರ ವರ್ಷದ ದುಡಿಮೆ ಸಾರ್ಥಕವಾಗುತ್ತದೆ.