ಹಲ್ಲಿಗಾಗಿ ಗಡಿ ದಾಟುವವರು

ಮೆಕ್ಸಿಕೋ ದೇಶದ ಉತ್ತರದ ಗಡಿಯಲ್ಲಿ, ಅಮೆರಿಕದ ಯೂಮಾ ನಗರಕ್ಕೆ ಸಮೀಪವಾಗಿ, ಲಾಸ್ ಅಲ್ಗೊಡೋನೆಸ್ ಎಂಬ ಸಣ್ಣ ಊರೊಂದುಂಟು. ಕೆಲವೇ ಸಾವಿರ ಜನವಸತಿಯ ಈ ಊರಿನಲ್ಲಿ ದಂತವೈದ್ಯರನ್ನು ನೂರುಗಳಲ್ಲಿ ಎಣಿಸಬೇಕು. ಆದುದರಿಂದಲೇ ಅದಕ್ಕೆ ‘ದವಡೆಹಲ್ಲಿನ ಪಟ್ಟಣ’ವೆಂಬ ಅಡ್ಡಹೆಸರು ಬಂದಿರುವುದು. ಚಳಿಗಾಲ ಬಂತೆಂದರೆ ಅಮೆರಿಕ, ಕೆನಡಾಗಳ ವೃದ್ಧರು ಕಾರುಗಳನ್ನು ಗಡಿಯಲ್ಲೇ ನಿಲ್ಲಿಸಿ, ಕಾಲ್ನಡಿಗೆಯಿಂದ ಆಚೆಗೆ ಹೋಗಿ, ಹಲ್ಲಿಗೆ ಕ್ಯಾಪು ಹಾಕಿಸಿಕೊಂಡು ಮರಳುವರು. ಅಮೆರಿಕದಲ್ಲಿ ಒಂದು ಕ್ಯಾಪಿಗೆ ಸಾಮಾನ್ಯವಾಗಿ ಸಾವಿರ ಡಾಲರಿಗೂ ಮೇಲ್ಪಟ್ಟು ತೆರಬೇಕು. ಇಲ್ಲಿ ಅದರ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿ ಕೆಲಸ ಮುಗಿಯುವುದು. ಧನಿಕ ರಾಷ್ಟ್ರವೊಂದರ ಪ್ರಜೆಗಳು ಅಗಿಯುವ ಹಲ್ಲಿಗಾಗಿ ನೆರೆಯ ಬಡವನ ಬಾಗಿಲಿಗೆ ಹೋಗುವರೆಂಬುದು ವಿಚಾರಾರ್ಹವಾದ ಸಂಗತಿಯಲ್ಲವೆ?

ಆ ವೃದ್ಧರನ್ನು ಜಿಪುಣರೆಂದು ಜರೆಯುವುದು ಅನ್ಯಾಯ. 1965ರಲ್ಲಿ ಅಮೆರಿಕದ ಸರ್ಕಾರವು ವೃದ್ಧರಿಗಾಗಿ ಮೆಡಿಕೇರ್ ಎಂಬ ಆರೋಗ್ಯ ವಿಮೆಯನ್ನು ಸ್ಥಾಪಿಸಿದಾಗ, ಹಲ್ಲಿನ ಸಾಮಾನ್ಯ ಚಿಕಿತ್ಸೆಯನ್ನು ಶಾಸನದಿಂದಲೇ ಹೊರಗಿಟ್ಟಿತು. ಹೃದಯವೂ ಮೂತ್ರಪಿಂಡವೂ ದೇಹದ ಅಂಗಗಳು, ಹಲ್ಲು ಮಾತ್ರ ಒಡವೆ ಎಂಬುದು ಆ ಶಾಸನಕರ್ತರ ಲೆಕ್ಕವೋ ಏನೋ! ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು 1948ರಲ್ಲಿ ಆರಂಭವಾದಾಗ ಹಲ್ಲಿಗೂ ಉಚಿತ ಚಿಕಿತ್ಸೆಯಿತ್ತು. ಮೂರೇ ವರ್ಷಗಳಲ್ಲಿ, 1951ರಲ್ಲಿ, ಕಟ್ಟುಹಲ್ಲಿಗೂ ಕನ್ನಡಕಕ್ಕೂ ಶುಲ್ಕ ವಿಧಿಸಲು ಸರ್ಕಾರವು ಹೊರಟಿತು. ಆ ಸೇವೆಯ ನಿರ್ಮಾತೃವಾದ ಅನ್ಯೂರಿನ್ ಬೆವನ್ ಅವರು ಪ್ರತಿಭಟಿಸಿ ಮಂತ್ರಿಪದವಿಯನ್ನೇ ತ್ಯಜಿಸಿದರು. 1952ರಲ್ಲಿ ಇತರ ದಂತಚಿಕಿತ್ಸೆಗೂ ಶುಲ್ಕ ಬಂದಿತು. ಈಗ ಅಲ್ಲಿಯ ಅನೇಕರು ತುರ್ಕಿಗೂ ಹಂಗೇರಿಗೂ ವಿಮಾನ ಹತ್ತುತ್ತಿರುವರು.

ಈ ಉಳಿತಾಯವು ನಿಜವಾದುದೇ. ಬಾಡಿಗೆ, ಕೂಲಿ, ವೈದ್ಯನ ವಿದ್ಯಾಭ್ಯಾಸದ ಸಾಲ—ಇವೆಲ್ಲ ಕಡಿಮೆಯಿರುವಲ್ಲಿ ಬೆಲೆಯೂ ಕಡಿಮೆಯಾಗುವುದು. ಅಗ್ಗವಾದ ಮಾತ್ರಕ್ಕೆ ಕೆಲಸವು ಕೆಟ್ಟದೆನ್ನಲಾಗದು. ಆದರೆ ಕ್ಯಾಪು ಹಾಕುವುದೆಂದರೆ ತಲೆಗೆ ಟೋಪಿ ಇಟ್ಟಂತಲ್ಲ. ಹಲ್ಲಿನ ಹೊರಪದರವನ್ನು ಸುತ್ತಲೂ ಅರೆದು, ಉಳಿದ ಮೋಟಿನ ಅಚ್ಚು ತೆಗೆದು, ಪಿಂಗಾಣಿಯ ಅಥವಾ ಜಿರ್ಕೋನಿಯದ ಕವಚವನ್ನು ಮಾಡಿಸಿ ಅಂಟಿಸುವರು. ಅರೆದುದು ಮತ್ತೆ ಬೆಳೆಯದು. ಕವಚವು ತುಸು ಎತ್ತರವಾದರೂ ಕಚ್ಚಿದಾಗ ನೋವು. ಅಂಚು ಸರಿಯಾಗಿ ಕೂಡದಿದ್ದರೆ ಒಳಗೆ ಹುಳುಕು. ಅರೆತದ ಆಘಾತಕ್ಕೆ ಹಲ್ಲಿನ ಒಳತಿರುಳು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ ಸಾಯುವುದೂ ಉಂಟು. ಪಳಗಿದ ಕೈಯಲ್ಲಿಯೂ ಇವು ತಪ್ಪಿದ್ದಲ್ಲ. ಆ ವೇಳೆಗೆ ಅರೆದ ವೈದ್ಯನು ಸಮುದ್ರದಾಚೆಗಿರುವನು. ಊರಿನ ವೈದ್ಯನು ಪರರ ಕೆಲಸಕ್ಕೆ ಕೈಹಾಕಲು ಹಿಂಜರಿಯುವನು. ಮುರಿದ ದವಡೆಹಲ್ಲೊಂದಕ್ಕಾಗಿ ಗಡಿ ದಾಟುವ ವೃದ್ಧನ ಬಗ್ಗೆ ನಮಗೆ ಅಷ್ಟು ಚಿಂತೆಯಿಲ್ಲ. ಬಿಳಿಯ ನಗೆಯ ಮೋಹದಿಂದ ಒಂದೇ ವಾರದಲ್ಲಿ ಆರೋಗ್ಯವಂತ ಹಲ್ಲುಗಳ ಸಾಲನ್ನೇ ಅರೆಸಿಕೊಳ್ಳುವ ತರುಣರ ಗತಿಯೇನು? ಬ್ರಿಟಿಷ್ ದಂತವೈದ್ಯರ ಸಂಘವು ಈ ಬಗ್ಗೆ ಎಚ್ಚರಿಕೆ ಕೊಟ್ಟಿರುವುದು ಸಕಾಲಿಕವಾಗಿದೆ.

ಅಮೆರಿಕದಲ್ಲಿ ನೆಲಸಿರುವ ನಮ್ಮ ಕನ್ನಡಿಗರಲ್ಲಿಯೂ ಹಲವರು ರಜೆಗೆ ಊರಿಗೆ ಬಂದಾಗ, ಮದುವೆ ಮುಂಜಿಗಳ ನಡುವೆ ಹಲ್ಲಿನ ಕೆಲಸವನ್ನೂ ಮುಗಿಸಿಕೊಂಡು ಹೋಗುವರು. ತಾಯ್ನುಡಿಯಲ್ಲಿ ನೋವು ಹೇಳಿಕೊಳ್ಳುವ ಸುಖವೂ ಅದರಲ್ಲಿದೆ, ನಾವು ಆಕ್ಷೇಪಿಸುವುದಿಲ್ಲ. ಬಂದ ದಿನವೇ ವೈದ್ಯರನ್ನು ಕಂಡು, ಹೊರಡುವ ಮುನ್ನ ಕೆಲವು ದಿನವಾದರೂ ಕ್ಯಾಪಿನಲ್ಲಿ ಅಗಿದು ನೋಡಿ, ಎಕ್ಸ್‌ರೇ ಚಿತ್ರಗಳನ್ನು ಜೊತೆಗೆ ಒಯ್ಯುವುದು ಲೇಸು.

ಪರದೇಶದಿಂದ ಬಂದವರಿಗೆ ನಮ್ಮಲ್ಲಿ ಅಗ್ಗವೆನಿಸುವ ಈ ಕ್ಯಾಪು ನಮ್ಮ ಹಳ್ಳಿಯ ಕೂಲಿಕಾರನಿಗೆ ಎಟುಕುವುದೆ? ಅವನು ನೋಯುವ ಹಲ್ಲನ್ನು ಕೀಳಿಸಿಕೊಂಡು ಸುಮ್ಮನಾಗುವನು. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯುಂಟು. ಇವನಿಗೆ ಕಡಲೆಯೂ ದುಬಾರಿ, ಹಲ್ಲೂ ದುಬಾರಿ. ಹಲ್ಲು ಕಳೆದುಕೊಂಡ ಬಡ ವೃದ್ಧರಿಗೆ ಕೃತಕ ದಂತಪಂಕ್ತಿಯನ್ನು ಉಚಿತವಾಗಿ ಕೊಡಲು ಕರ್ನಾಟಕ ಸರ್ಕಾರವು 2010ರ ದಶಕದಲ್ಲಿ ದಂತಭಾಗ್ಯ ಯೋಜನೆಯನ್ನು ತಂದುದು ಸ್ತುತ್ಯವೇ ಸರಿ. ಹಲ್ಲೆಲ್ಲ ಉದುರುವವರೆಗೆ ಕಾಯದೆ, ಇರುವ ಹಲ್ಲನ್ನು ಉಳಿಸುವ ರೂಟ್ ಕೆನಾಲ್ ಚಿಕಿತ್ಸೆಗೂ ಕ್ಯಾಪಿಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಡವರಿಗೆ ಏರ್ಪಾಡಾಗಬೇಕೆಂದು ನಾವು ಸರ್ಕಾರವನ್ನು ಒತ್ತಾಯಪಡಿಸುತ್ತೇವೆ. ಇದಕ್ಕೆ ಬೇಕಾದ ದಂತವೈದ್ಯ ಕಾಲೇಜುಗಳಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ.